ಹೆಗಲೇರಿ ಹೊರಟ ಗಿಟಾರ್

ಊರೂರು ತಿರುಗುವವನ ವಾದ್ಯ ಹಗುರವಾಗಿರಬೇಕು. ನಮ್ಮ ದಾಸರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿದ್ದ ಸಂಗತಿ. ಕಛೇರಿಯ ವೇದಿಕೆಯ ಮೇಲೆ ಗಾಯಕರ ಬೆನ್ನ ಹಿಂದೆ ನುಡಿಯುವ ದೊಡ್ಡ ತಂಬೂರಿಯನ್ನು ಹೊತ್ತುಕೊಂಡು ಬೀದಿ ಬೀದಿ ಅಲೆಯುವುದು ಸಾಧ್ಯವೇ? ಅದಕ್ಕೇ ಹರಿದಾಸರು ಹಿಡಿದದ್ದು ಪುಟ್ಟ ತಂಬೂರಿ, ಜೊತೆಗೆ ಚಿಪ್ಳಿ, ಕಾಲಿಗೆ ಗೆಜ್ಜೆ. ತತ್ವಪದ ಹಾಡುವವರಿಗೆ ಏಕತಾರಿಯೇ ಸಾಕಾಯಿತು. ನಮ್ಮ ಕಾಲಕ್ಕೆ ಬಂದರೆ, ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅಲ್ಲಿಂದ ಮುಂದೆ ಪರಊರಿನ ಕಛೇರಿಗೆ ಹೊರಟ ಕಲಾವಿದರ ಕೈಚೀಲದೊಳಗೇ ಶ್ರುತಿಯೂ ಸೇರಿಕೊಂಡಿತು.

ಗಿಟಾರಿನ ಕಥೆಯಲ್ಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಚಾರಣಕ್ಕೆ ಹೊರಡುವ ತರುಣರು, ಪರಊರಿನಲ್ಲಿ ಕೆಲಸ ಹಿಡಿದು ವಾರಕ್ಕೊಮ್ಮೆ ರೈಲು ಹತ್ತುವವರು ಇಂದು ಸಂಗೀತ ವಾದ್ಯಗಳ ಅಂಗಡಿಗೆ ಹೋಗಿ ‘ಟ್ರಾವೆಲ್ ಗಿಟಾರ್’ ಕೇಳುತ್ತಾರೆ. ಅಂಗಡಿಯವನು ತೆಗೆದು ತೋರಿಸುವ ಮುಕ್ಕಾಲು ಗಾತ್ರದ ಗಿಟಾರನ್ನು ಕಂಡರೆ, ಅದು ಮಕ್ಕಳ ಆಟಿಕೆಯೋ, ನಿಜವಾದ ಗಿಟಾರಿನ ಕುಗ್ಗಿದ ನಕಲೋ ಎಂದು ಅನುಮಾನ ಬರುವುದು ಸಹಜ. ಇತಿಹಾಸ ಹೇಳುವುದೇ ಬೇರೆ. ಗಿಟಾರ್ ಹುಟ್ಟಿದ್ದೇ ಚಿಕ್ಕದಾಗಿ. ಅದು ದೊಡ್ಡದಾದದ್ದು ಆಮೇಲೆ, ಅದೂ ಬಹುಮಟ್ಟಿಗೆ ಸದ್ದಿನ ಆಸೆಗಾಗಿ. ಹಾಗೆ ಬೆಳೆಯುವಾಗ ಅದು ಪಡೆದದ್ದೇನು, ಈಗ ಕುಗ್ಗುವಾಗ ಬಿಟ್ಟುಕೊಡುವುದೇನು ಎಂಬುದನ್ನು ತಿಳಿದರೆ ಅಂಗಡಿಯಲ್ಲಿ ಆಯ್ಕೆ ಮಾಡುವುದೂ ಸುಲಭವಾದೀತು.

ಪಡಸಾಲೆಯ ವಾದ್ಯ

ಹದಿನಾರನೆಯ ಶತಮಾನದಲ್ಲಿ ಸ್ಪೇನ್ ಮೊದಲಾದ ದೇಶಗಳಲ್ಲಿ ಗಿಟಾರಿಗೆ ಇದ್ದದ್ದು ನಾಲ್ಕು ಸಾಲು ತಂತಿ. ಮುಂದೆ ಐದು ಜೋಡಿಗಳಾದವು. ಇಂದಿನಂತೆ ಆರು ಒಂಟಿ ತಂತಿಗಳು ನೆಲೆಗೊಂಡದ್ದು 1800ರ ಆಸುಪಾಸಿನಲ್ಲಿ. ಆಗಲೂ ಅದರ ಒಡಲು ಕಿರಿದೇ: ಅತಿ ಅಗಲವಾದ ಕಡೆ ಸುಮಾರು ಹನ್ನೆರಡು ಅಂಗುಲ. ತಂತಿಗಳು ಲೋಹದವಲ್ಲ, ಕರುಳಿನವು. ಮನೆಯ ಪಡಸಾಲೆಯಲ್ಲಿ ಹತ್ತಿಪ್ಪತ್ತು ಜನ ಕುಳಿತು ಕೇಳಲು ಅಷ್ಟು ನಾದ ಸಾಕಾಗಿತ್ತು. ಇಂಗ್ಲಿಷಿನಲ್ಲಿ ಇಂಥ ಗಿಟಾರುಗಳಿಗೆ ‘ಪಾರ್ಲರ್ ಗಿಟಾರ್’ ಎಂಬ ಹೆಸರು ಉಳಿದುಕೊಂಡದ್ದೂ ಇದೇ ಕಾರಣಕ್ಕೆ.

ಅಂಥ ಗಿಟಾರನ್ನು ಹೊತ್ತು ನಡೆಯುವುದು ಕಷ್ಟವಾಗಿರಲಿಲ್ಲ. ಫ್ರಾನ್ಸಿನ ಸಂಗೀತಕಾರ ಬರ್ಲಿಯೋಜ್ 1831ರಲ್ಲಿ ವಿದ್ಯಾರ್ಥಿವೇತನ ಪಡೆದು ರೋಮ್ ನಗರಕ್ಕೆ ಬಂದವನು, ಅಲ್ಲಿನ ಶಿಸ್ತಿಗೆ ಬೇಸತ್ತು ಸುಬಿಯಾಕೋದ ಬೆಟ್ಟಗುಡ್ಡಗಳಲ್ಲಿ ಅಲೆಯುತ್ತಿದ್ದ. ಒಮ್ಮೆ ಬಂದೂಕು, ಒಮ್ಮೆ ಗಿಟಾರ್ ಅವನ ಸಂಗಾತಿ. ನಡೆಯುತ್ತ ನಡೆಯುತ್ತ ವರ್ಜಿಲ್ ಕವಿಯ ಸಾಲುಗಳನ್ನು ತೋಚಿದ ರಾಗದಲ್ಲಿ ಹಾಡಿಕೊಳ್ಳುತ್ತಿದ್ದೆನೆಂದು ಆತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮುಂದೆ ನೂರಾರು ವಾದ್ಯಗಳ ಮಹಾಮೇಳಗಳಿಗೆ ಸಂಗೀತ ರಚಿಸಿದ ಈತನಿಗೆ ಪಿಯಾನೊ ಸರಿಯಾಗಿ ನುಡಿಸಲು ಬರುತ್ತಿರಲಿಲ್ಲ. ಅವನ ಕೈವಾದ್ಯ ಗಿಟಾರೇ ಆಗಿತ್ತು.

ಅದೇ ಕಾಲದ ವಿಯೆನ್ನಾದಲ್ಲಿ ಇನ್ನೂ ಕಿರಿದಾದ ಒಂದು ಗಿಟಾರ್ ಬಳಕೆಯಲ್ಲಿತ್ತು. ಅದರ ಹೆಸರು ‘ಟೆರ್ಜ್’. ಸಾಮಾನ್ಯ ಗಿಟಾರಿಗಿಂತ ಮೂರು ಮೆಟ್ಟು ಮೇಲಿನ ಶ್ರುತಿ ಅದಕ್ಕೆ. ಮೌರೋ ಜೂಲಿಯಾನಿ ಎಂಬ ಇಟಲಿಯ ವಾದಕ ವಾದ್ಯಮೇಳದೊಡನೆ ಅದನ್ನು ನುಡಿಸಲೆಂದೇ ಒಂದು ಕಾನ್ಸರ್ಟೊ ರಚಿಸಿದ್ದಾನೆ. ಚಿಕ್ಕ ಗಿಟಾರ್ ಎಂದರೆ ಕಲಿಯುವವರ ವಾದ್ಯ ಎಂಬ ಭಾವನೆ ಆಗ ಇರಲಿಲ್ಲವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಒಂದರಿಂದ ಸೊನ್ನೆಗೆ

ವಿಯೆನ್ನಾದಲ್ಲಿ ಈ ಕಸುಬು ಕಲಿತವರಲ್ಲಿ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಒಬ್ಬ. ಸ್ಯಾಕ್ಸನಿಯ ಮಾರ್ಕ್‌ನ್ಯೂಕಿರ್ಶನ್‌ನಲ್ಲಿ 1796ರಲ್ಲಿ ಹುಟ್ಟಿದವನು. ಅವನ ಊರಿನಲ್ಲಿ ಪಿಟೀಲು ಮಾಡುವವರ ಸಂಘಕ್ಕೂ ಮರಗೆಲಸದವರ ಸಂಘಕ್ಕೂ ದೊಡ್ಡ ವ್ಯಾಜ್ಯ. ಗಿಟಾರ್ ಮಾಡುವ ಹಕ್ಕು ಬಡಗಿಗಳಿಗಿಲ್ಲ ಎಂದು ಪಿಟೀಲಿನವರ ತಕರಾರು. ಮಾರ್ಟಿನ್ ಬಡಗಿಗಳ ಕಡೆಯವನು. ಜಗಳ ಸಾಕಾಗಿ 1833ರಲ್ಲಿ ಹಡಗು ಹತ್ತಿ ನ್ಯೂಯಾರ್ಕ್ ಸೇರಿದ; ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಊರಿಗೆ ಹೋಗಿ ನೆಲೆನಿಂತ. ಅವನ ಕಾರ್ಖಾನೆ ಇಂದಿಗೂ ಅಲ್ಲೇ ಇದೆ.

ಈ ಕಾರ್ಖಾನೆಯ ಅಳತೆಯ ಅಂಕಿಗಳನ್ನು ನೋಡಿದರೆ ಗಿಟಾರ್ ಬೆಳೆದ ಬಗೆ ಕಣ್ಣಿಗೆ ಕಟ್ಟುತ್ತದೆ. ಮಾರ್ಟಿನ್ ತನ್ನ ಗಿಟಾರುಗಳಿಗೆ ಸಂಖ್ಯೆ ಕೊಟ್ಟಾಗ ದೊಡ್ಡದಕ್ಕೆ 1, ಪುಟ್ಟದಕ್ಕೆ 5. ಈ 5ನೆಯ ಅಳತೆ ಎಂದರೆ ವಿಯೆನ್ನಾದ ಟೆರ್ಜ್ ಗಿಟಾರಿನ ಅಳತೆ. ಆಗ ‘ದೊಡ್ಡದು’ ಎನಿಸಿದ 1ನೆಯ ಅಳತೆಯ ಒಡಲಿನ ಅಗಲ ಹನ್ನೆರಡು ಮುಕ್ಕಾಲು ಅಂಗುಲ. ಕೆಲವು ವರ್ಷಗಳಲ್ಲೇ ಗಿರಾಕಿಗಳಿಗೆ ಇನ್ನೂ ದೊಡ್ಡದು ಬೇಕಾಯಿತು. ಒಂದಕ್ಕಿಂತ ಹಿಂದಿನ ಸಂಖ್ಯೆ ಯಾವುದು? ಸೊನ್ನೆ. ಆದ್ದರಿಂದ 0. ಅದೂ ಸಾಲದಾದಾಗ 00; 1902ರಲ್ಲಿ 000. ಸೊನ್ನೆಗಳನ್ನು ಪೇರಿಸುವುದು ಸಾಕಾಗಿಯೋ ಏನೋ, 1916ರಲ್ಲಿ ಬಾಸ್ಟನ್ನಿನ ಡಿಟ್ಸನ್ ಕಂಪನಿಗಾಗಿ ತಯಾರಿಸಿದ ಭಾರೀ ಗಿಟಾರಿಗೆ ಒಂದು ಯುದ್ಧನೌಕೆಯ ಹೆಸರನ್ನೇ ಇಟ್ಟರು. 1906ರಲ್ಲಿ ನೀರಿಗಿಳಿದ ಬ್ರಿಟಿಷ್ ನೌಕೆ ‘ಡ್ರೆಡ್‌ನಾಟ್’ ಆಗ ಮನೆಮಾತಾಗಿತ್ತು. ಈ ಡ್ರೆಡ್‌ನಾಟ್ ಗಿಟಾರಿನ ಅಗಲ ಹದಿನೈದೂವರೆ ಅಂಗುಲಕ್ಕೂ ತುಸು ಹೆಚ್ಚು. ಇಂದು ಗಿಟಾರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ, ಸಿನಿಮಾ ನಾಯಕರ ಕೈಯಲ್ಲಿ ಕಾಣುವ ಆಕಾರ ಹೆಚ್ಚುಕಡಿಮೆ ಇದೇ.

ಈ ಬೆಳವಣಿಗೆಗೆ ಕಾರಣ ಸಭೆಗಳು ದೊಡ್ಡವಾದದ್ದು, ಮೇಳಗಳಲ್ಲಿ ಬ್ಯಾಂಜೊ, ಪಿಟೀಲುಗಳ ಗದ್ದಲದ ನಡುವೆ ಗಿಟಾರ್ ಕೇಳಿಸದೆ ಹೋದದ್ದು. ಕರುಳಿನ ತಂತಿ ಹೋಗಿ ಉಕ್ಕಿನ ತಂತಿ ಬಂತು. ಸ್ಪೇನಿನಲ್ಲಿ ಆಂಟೋನಿಯೋ ದ ಟೊರೆಸ್ (1817–1892) ಉಕ್ಕಿನ ತಂತಿಯ ಗೊಡವೆಗೆ ಹೋಗದೆಯೇ ಒಡಲನ್ನು ಹಿಗ್ಗಿಸಿ, ಮೇಲು ಹಲಗೆಯ ಅಡಿಯ ಪಟ್ಟಿಗಳನ್ನು ಬೀಸಣಿಗೆಯಂತೆ ಜೋಡಿಸಿ ಇಂದಿನ ಶಾಸ್ತ್ರೀಯ ಗಿಟಾರಿಗೆ ರೂಪ ಕೊಟ್ಟ. ಇದೇ ಟೊರೆಸ್ 1862ರಲ್ಲಿ ಒಂದು ವಿಚಿತ್ರ ಪ್ರಯೋಗ ಮಾಡಿದ. ಮೇಲು ಹಲಗೆಯೊಂದನ್ನು ಒಳ್ಳೆಯ ಮರದಲ್ಲಿ ಮಾಡಿ, ಬೆನ್ನು ಮತ್ತು ಪಕ್ಕೆಗಳನ್ನು ರಟ್ಟಿನಲ್ಲಿ ಮಾಡಿದ. ಗಿಟಾರಿನ ದನಿ ಇರುವುದು ಮುಖ್ಯವಾಗಿ ಮೇಲು ಹಲಗೆಯಲ್ಲಿ ಎಂಬುದನ್ನು ತೋರಿಸುವುದು ಅವನ ಉದ್ದೇಶ. ಆ ರಟ್ಟಿನ ಗಿಟಾರ್ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಪ್ರಯಾಣದ ಗಿಟಾರ್ ಕೊಳ್ಳುವವರು ನೆನಪಿಡಬೇಕಾದ ಪಾಠ ಇದು. ಮುಂದೆ ಈ ಮಾತಿಗೆ ಮತ್ತೆ ಬರೋಣ.

ಹಡಗಿನಲ್ಲಿ ಬಂದ ತಂಗಿ, ಹಿಮದಲ್ಲಿ ಉಳಿದ ಅಣ್ಣ

ಗಿಟಾರ್ ಬೆಳೆಯುತ್ತಿದ್ದ ಕಾಲದಲ್ಲೇ ಅದರ ಪುಟ್ಟ ತಂಗಿಯೊಬ್ಬಳು ಸಾಗರ ದಾಟಿದಳು. ಪೋರ್ಚುಗಲ್ಲಿಗೆ ಸೇರಿದ ಮಡೀರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆಂದು ನಾನೂರಕ್ಕೂ ಹೆಚ್ಚು ಜನರನ್ನು ಹೊತ್ತ ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗು 1879ರ ಆಗಸ್ಟ್ 23ರಂದು ಹವಾಯಿಯ ಹೊನೊಲುಲು ಬಂದರಿಗೆ ಬಂದಿತು. ಕೂಲಿಗಳ ಗಂಟುಮೂಟೆಯಲ್ಲಿ ‘ಮಶೆಟ್’ ಎಂಬ ನಾಲ್ಕು ತಂತಿಯ ಕಿರುವಾದ್ಯವಿತ್ತು. ಕೆಲವೇ ದಿನಗಳಲ್ಲಿ ಈ ಹೊಸಬರು ರಾತ್ರಿ ಹೊತ್ತು ಬೀದಿಯಲ್ಲಿ ನುಡಿಸಿ ಜನರನ್ನು ರಂಜಿಸುತ್ತಿದ್ದಾರೆಂದು ಸ್ಥಳೀಯ ಪತ್ರಿಕೆ ವರದಿ ಮಾಡಿತು. ಅದೇ ಹಡಗಿನಲ್ಲಿ ಬಂದ ಮೂವರು ಬಡಗಿಗಳು (ನೂನೆಸ್, ಡಿಯಾಸ್, ಎಸ್ಪಿರಿಟೊ ಸಾಂಟೊ) ಹವಾಯಿಯ ಮರದಿಂದ ಅದನ್ನು ಮಾಡತೊಡಗಿದರು. ಅದೇ ಇಂದಿನ ಉಕುಲೆಲೆ. 1915ರ ಸ್ಯಾನ್‌ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲಿ ಅದರ ಹುಚ್ಚು ಎಷ್ಟು ಹಬ್ಬಿತೆಂದರೆ, ಯುದ್ಧನೌಕೆಯ ಹೆಸರಿನ ಗಿಟಾರ್ ಮಾಡಿದ ಮಾರ್ಟಿನ್ ಕಾರ್ಖಾನೆಯೇ 1920ರ ದಶಕದ ಕೆಲವು ವರ್ಷ ಗಿಟಾರಿಗಿಂತ ಹೆಚ್ಚಾಗಿ ಉಕುಲೆಲೆ ಮಾಡಿ ಮಾರಿತು.

ಪ್ರಯಾಣದಲ್ಲಿ ವಾದ್ಯದ ಬೆಲೆ ಎಷ್ಟೆಂಬುದಕ್ಕೆ ದಕ್ಷಿಣ ಧ್ರುವದ ಒಂದು ಪ್ರಸಂಗವಿದೆ. ಅಲ್ಲಿದ್ದದ್ದು ಗಿಟಾರಲ್ಲ, ಅದರ ದಾಯಾದಿ ಬ್ಯಾಂಜೊ. ಅರ್ನೆಸ್ಟ್ ಶ್ಯಾಕಲ್ಟನ್‌ನ ‘ಎಂಡ್ಯೂರೆನ್ಸ್’ ಹಡಗು 1915ರಲ್ಲಿ ಹಿಮದ ನಡುವೆ ಸಿಕ್ಕಿ ನುಚ್ಚುನೂರಾಯಿತು. ಹಿಮಗಡ್ಡೆಯ ಮೇಲೆ ನಡೆದು ಹೋಗಬೇಕಾದ ಸಂಕಟ. ಒಬ್ಬೊಬ್ಬರು ತಮ್ಮ ಸ್ವಂತದ್ದೆಂದು ಎರಡು ಪೌಂಡ್, ಅಂದರೆ ಒಂದು ಕಿಲೋಗೂ ಕಡಿಮೆ, ತೂಕದ ಸಾಮಾನು ಮಾತ್ರ ಒಯ್ಯಬಹುದೆಂದು ಶ್ಯಾಕಲ್ಟನ್ ಕಟ್ಟಪ್ಪಣೆ ಮಾಡಿದ. ಚಿನ್ನದ ನಾಣ್ಯಗಳನ್ನೂ ಹಿಮದ ಮೇಲೆ ಎಸೆದದ್ದಾಯಿತು. ಆದರೆ ಹವಾಮಾನ ತಜ್ಞ ಲಿಯೊನಾರ್ಡ್ ಹಸಿಯ ಬ್ಯಾಂಜೊ ಮಿತಿಗಿಂತ ಬಹಳ ಭಾರವಿದ್ದರೂ ಅದನ್ನು ಬಿಡಬಾರದೆಂದು ಹೇಳಿದವನು ಅದೇ ಶ್ಯಾಕಲ್ಟನ್. ಮನಸ್ಸಿಗೆ ಅದೇ ಔಷಧಿ ಎಂಬುದು ಅವನ ನಂಬಿಕೆ. ಮುಂದೆ 1916ರಲ್ಲಿ 22 ಮಂದಿ ಎಲಿಫೆಂಟ್ ದ್ವೀಪದಲ್ಲಿ ಮಗುಚಿದ ದೋಣಿಗಳ ಕೆಳಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ನೆರವಿಗಾಗಿ ಕಾದರು. ಶನಿವಾರ ರಾತ್ರಿಗಳಂದು ಅಲ್ಲಿ ಬ್ಯಾಂಜೊ ನುಡಿಯಿತು, ಹಾಡು ನಡೆಯಿತು. ಒಬ್ಬರೂ ಸಾಯಲಿಲ್ಲ. ಆ ಬ್ಯಾಂಜೊ ಇಂಗ್ಲೆಂಡಿನ ಗ್ರೀನಿಚ್ ವಸ್ತುಸಂಗ್ರಹಾಲಯ ಸೇರಿದೆ.

ಕುಗ್ಗಿದರೆ ಹೋಗುವುದೇನು?

ಶ್ಯಾಕಲ್ಟನ್ ಮಿತಿಯನ್ನು ಸಡಿಲಿಸಿದ. ಎಲ್ಲ ಪ್ರಯಾಣಿಕರಿಗೂ ಆ ಅವಕಾಶವಿರುವುದಿಲ್ಲ. ವಾದ್ಯವೇ ಕುಗ್ಗಬೇಕು. ಕುಗ್ಗಿದರೆ ಏನಾಗುತ್ತದೆಂಬುದರ ಲೆಕ್ಕ ಹಳೆಯದು. ಫ್ರಾನ್ಸಿನ ಪಾದ್ರಿ ಮರ್ಸೆನ್ 1636ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಂತಿಯ ನಿಯಮಗಳನ್ನು ವಿವರಿಸಿದ್ದಾನೆ. ತಂತಿ ಗಿಡ್ಡವಾದಷ್ಟೂ ಸ್ವರ ಏರುತ್ತದೆ, ಬಿಗಿ ಹೆಚ್ಚಿದಷ್ಟೂ ಏರುತ್ತದೆ, ದಪ್ಪವಾದಷ್ಟೂ ಇಳಿಯುತ್ತದೆ. ವೀಣೆ, ಪಿಟೀಲು ಬಲ್ಲವರಿಗೆ ಇದು ಅನುಭವದ ಮಾತೇ.

ದೊಡ್ಡ ಗಿಟಾರಿನಲ್ಲಿ ನುಡಿಯುವ ತಂತಿಯ ಉದ್ದ 25.4 ಅಂಗುಲ ಎಂದಿಟ್ಟುಕೊಳ್ಳಿ. ಪ್ರಯಾಣದ ಗಿಟಾರಿನಲ್ಲಿ ಅದು 23 ಅಂಗುಲಕ್ಕೆ ಇಳಿಯಿತು. ಅದೇ ತಂತಿ, ಅದೇ ಶ್ರುತಿ ಬೇಕೆಂದರೆ ಬಿಗಿಯನ್ನು ಸುಮಾರು ನೂರಕ್ಕೆ 18ರಷ್ಟು ಕಡಿಮೆ ಮಾಡಬೇಕಾಗುತ್ತದೆ. ಬೆರಳಿಗೆ ಮೃದುವಾಗುತ್ತದೆ ನಿಜ. ಆದರೆ ತಂತಿ ಜೋಲಾಗಿ ಮೆಟ್ಟಿಗೆ ತಾಗಿ ಕರಕರ ಎನ್ನಬಹುದು. ತುಸು ಜೋರಾಗಿ ಒತ್ತಿದರೂ ಅಪಶ್ರುತಿ. ಆದ್ದರಿಂದ ತುಸು ದಪ್ಪ ತಂತಿ ಹಾಕುವುದು ಒಂದು ಉಪಾಯ. ಶ್ರುತಿಯನ್ನೇ ಏರಿಸಿಬಿಡುವುದು ಇನ್ನೊಂದು. ವಿಯೆನ್ನಾದ ಟೆರ್ಜ್ ಗಿಟಾರ್ ಮಾಡಿದ್ದು ಇದನ್ನೇ.

ಒಡಲಿನ ಮಾತು ಬೇರೆ. ಗಿಟಾರಿನ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಅಲೆಯನ್ನು ಒಂದು ಅಡಿ ಅಗಲದ ಹಲಗೆ ಎಬ್ಬಿಸಬೇಕು. ಅದಕ್ಕೆ ನೆರವಾಗುವುದು ಒಡಲೊಳಗಿನ ಗಾಳಿ. ಬಾಟಲಿಯ ಬಾಯಿಗೆ ಊದಿದಾಗ ಬರುವ ಗುಂಯ್‌ಕಾರದಂತೆ, ದೊಡ್ಡ ಗಿಟಾರಿನ ಒಳಗಾಳಿ ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಿಡಿದು ಮಂದ್ರಸ್ವರಗಳಿಗೆ ಬೆಂಬಲ ಕೊಡುತ್ತದೆ. ಚಿಕ್ಕ ಬಾಟಲಿಯ ಸ್ವರ ಮೇಲಿರುವಂತೆ ಚಿಕ್ಕ ಒಡಲಿನ ಮಿಡಿತವೂ ಮೇಲೆ. ಹೀಗಾಗಿ ಪುಟ್ಟ ಗಿಟಾರಿನಲ್ಲಿ ಮಂದ್ರ ಬಡವಾಗುತ್ತದೆ. ಮಧ್ಯ, ತಾರ ಸ್ವರಗಳು ಸ್ಪಷ್ಟವಾಗಿ ಮುಂದೆ ಬರುತ್ತವೆ. ಯಾವ ಜಾಹೀರಾತೂ ಈ ನಿಯಮವನ್ನು ಅಳಿಸಲಾರದು. ಹಾಡುವವರಿಗೆ ಮಾತ್ರ ಇದು ನಷ್ಟವೇ ಅಲ್ಲದಿರಬಹುದು. ಗಂಡಸಿನ ದನಿಯ ಕೆಳಗೆ ದೊಡ್ಡ ಗಿಟಾರ್ ಮೊಳಗಿ ಮಾತನ್ನು ನುಂಗುವುದುಂಟು. ಚಿಕ್ಕದು ದನಿಗೆ ಜಾಗ ಬಿಡುತ್ತದೆ.

ಬೆನ್ನುಚೀಲದಿಂದ ಬಾಹ್ಯಾಕಾಶಕ್ಕೆ

ಇಪ್ಪತ್ತನೆಯ ಶತಮಾನದಲ್ಲಿ ಮೈಕು, ಪಿಕಪ್ಪುಗಳು ಬಂದ ಮೇಲೆ ಸದ್ದಿಗಾಗಿ ಒಡಲನ್ನು ಹಿಗ್ಗಿಸುವ ಅಗತ್ಯ ತಗ್ಗಿತು. 1990ರ ದಶಕದಲ್ಲಿ ಗಿಟಾರ್ ಮತ್ತೆ ಕುಗ್ಗತೊಡಗಿತು. ಬಾಬ್ ಮೆಕ್‌ನ್ಯಾಲಿ ರೂಪಿಸಿದ ‘ಬ್ಯಾಕ್‌ಪ್ಯಾಕರ್’ ಎಂಬ ಗಿಟಾರನ್ನು ಮಾರ್ಟಿನ್ ಕಂಪನಿ ಮಾರುಕಟ್ಟೆಗೆ ತಂದಿತು. ದೋಣಿಯ ಹುಟ್ಟಿನಂಥ ಆಕಾರ, ಒಂದು ಕಿಲೋ ಆಸುಪಾಸಿನ ತೂಕ. ತಂತಿಯ ಉದ್ದವನ್ನು 24 ಅಂಗುಲ ಉಳಿಸಿಕೊಂಡು ಒಡಲನ್ನು ತ್ಯಾಗ ಮಾಡಿದ ಗಿಟಾರ್ ಇದು. ತೊಡೆಯ ಮೇಲೆ ನಿಲ್ಲುವುದಿಲ್ಲ, ಪಟ್ಟಿ ಬೇಕೇ ಬೇಕು; ದನಿಯೂ ತೆಳು. ಆದರೂ 1994ರ ಮಾರ್ಚ್‌ನಲ್ಲಿ ‘ಕೊಲಂಬಿಯಾ’ ಬಾಹ್ಯಾಕಾಶ ನೌಕೆಯಲ್ಲಿ ಅದು ಭೂಮಿಯನ್ನು ಸುತ್ತಿ ಬಂತು.

1996ರಲ್ಲಿ ಬಂದ ‘ಬೇಬಿ ಟೇಲರ್’ ಬೇರೆ ದಾರಿ ಹಿಡಿಯಿತು. ಡ್ರೆಡ್‌ನಾಟನ್ನೇ ಮುಕ್ಕಾಲಿಗೆ ಇಳಿಸಿ, ತಂತಿಯ ಉದ್ದವನ್ನು 22¾ ಅಂಗುಲಕ್ಕೆ ತಂದಿತು. ಕತ್ತನ್ನು ಎರಡು ತಿರುಪುಗಳಿಂದ ಒಡಲಿಗೆ ಬಿಗಿಯಿತು. 2000ದ ಸುಮಾರಿಗೆ ಬಂದ ‘ಲಿಟಲ್ ಮಾರ್ಟಿನ್’ನ ತಂತಿ 23 ಅಂಗುಲ. ಅದರ ಬೆನ್ನು, ಪಕ್ಕೆಗಳು ಕಾಗದ ಮತ್ತು ರಾಳವನ್ನು ಅದುಮಿ ಮಾಡಿದ ಹಲಗೆಯವು. ನಮ್ಮ ಮೇಜು, ಕಪಾಟುಗಳಿಗೆ ಅಂಟಿಸುವ ಸನ್‌ಮೈಕಾದ ಜಾತಿ ಅದು. ಟೊರೆಸ್‌ನ ರಟ್ಟಿನ ಗಿಟಾರನ್ನು ನೆನಪಿಸಿಕೊಂಡರೆ ಇದರಲ್ಲಿ ಅಪಚಾರವೇನೂ ಕಾಣದು. ಬೆನ್ನು ಸನ್‌ಮೈಕಾದ್ದೇ ಇರಲಿ, ಮೇಲು ಹಲಗೆ ಇಡೀ ಮರದ್ದಾದರೆ ಸಾಕಷ್ಟು ನಾದ ಬರುತ್ತದೆ. ಯಮಹಾದ ‘ಗಿಟಲೆಲೆ’ ಇನ್ನೂ ಚಿಕ್ಕದು: ಹದಿನೇಳು ಅಂಗುಲದ ತಂತಿ, ಆರು ನೈಲಾನ್ ತಂತಿಗಳು, ಐದು ಮೆಟ್ಟು ಮೇಲಿನ ಶ್ರುತಿ. ಗಾತ್ರ ಕುಗ್ಗಿಸಲು ಒಪ್ಪದವರು ಕತ್ತನ್ನು ಮಡಚುವ, ಬಿಚ್ಚಿ ಜೋಡಿಸುವ ಗಿಟಾರುಗಳನ್ನು ಮಾಡಿದರು. ಮರವನ್ನೇ ಬಿಟ್ಟು ಕಾರ್ಬನ್ ನಾರಿನಲ್ಲಿ ಮಾಡುವವರೂ ಬಂದರು. ಕೆನಡಾದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ 1995ರಲ್ಲಿ ರಷ್ಯದ ‘ಮಿರ್’ ನಿಲ್ದಾಣಕ್ಕೆ ಮಡಚುವ ಗಿಟಾರನ್ನೇ ಒಯ್ದಿದ್ದ. 2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆತ ಹಾಡುವಾಗ ಜಗತ್ತು ಕಂಡದ್ದು ಹಳೆಯ ಪಡಸಾಲೆ ಅಳತೆಯ ಗಿಟಾರನ್ನು.

ಬೀಟೆಯ ನಂಟು

ಗಿಟಾರಿನ ಈ ಪ್ರಯಾಣಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. ಒಳ್ಳೆಯ ಗಿಟಾರಿನ ಬೆನ್ನಿಗೆ ಬ್ರೆಜಿಲ್ ದೇಶದ ರೋಸ್‌ವುಡ್ ಶ್ರೇಷ್ಠವೆಂಬ ಕಾಲವಿತ್ತು. ಆ ಮರ ಸಿಗುವುದು ದುಸ್ತರವಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿಕೊಂಡಿತು. ಅದೇ ನಮ್ಮ ಮಲೆನಾಡಿನ, ಕೊಡಗಿನ ಬೀಟೆ. ಬ್ರೆಜಿಲಿನ ಮರಕ್ಕೆ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಅತಿ ಕಠಿಣ ನಿರ್ಬಂಧವಿದೆ. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳೂ ನಿಯಂತ್ರಣದ ಪಟ್ಟಿಗೆ ಬಂದವು. ಸಂಗೀತಗಾರರ ಸ್ವಂತ ವಾದ್ಯಕ್ಕೆ ರಿಯಾಯಿತಿ ಇದ್ದರೂ ಗಡಿ ದಾಟುವಾಗ ಅಳುಕು ತಪ್ಪಲಿಲ್ಲ. 2019ರ ನವೆಂಬರಿನಲ್ಲಿ ಬೀಟೆಯಂಥ ಮರಗಳಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲಿನ ಮರಕ್ಕೆ ಸಿಗಲಿಲ್ಲ. ಅಜ್ಜನ ಕಾಲದ ಬೆಲೆಬಾಳುವ ಗಿಟಾರನ್ನು ಮನೆಯಲ್ಲಿಟ್ಟು, ಪ್ರಯಾಣಕ್ಕೆ ಸನ್‌ಮೈಕಾ ಬೆನ್ನಿನದನ್ನು ಒಯ್ಯಲು ಇದೂ ಒಂದು ಕಾರಣ.

ವಿಮಾನದ ಭಯ ಇನ್ನೊಂದು. 2008ರಲ್ಲಿ ಡೇವ್ ಕ್ಯಾರೊಲ್ ಎಂಬ ಕೆನಡಾದ ಗಾಯಕನ ಗಿಟಾರ್ ಷಿಕಾಗೊದಲ್ಲಿ ಸಾಮಾನು ಇಳಿಸುವವರ ಕೈಯಲ್ಲಿ ಮುರಿಯಿತು. ಪರಿಹಾರ ಸಿಗದೆ ಆತ ಮರುವರ್ಷ ಅದನ್ನೇ ಹಾಡು ಕಟ್ಟಿ ಹಾಡಿದ. ಹಾಡು ಲೋಕವನ್ನೆಲ್ಲ ಸುತ್ತಿತು. ಜಾಗವಿದ್ದರೆ ವಾದ್ಯವನ್ನು ಪ್ರಯಾಣಿಕರ ಜೊತೆಗೇ ಒಯ್ಯಲು ಬಿಡಬೇಕೆಂದು ಅಮೆರಿಕದಲ್ಲಿ 2012ರಲ್ಲಿ ಕಾನೂನಾಯಿತು. ನಮ್ಮಲ್ಲಿ ಕೈಚೀಲದ ಸಾಮಾನ್ಯ ಮಿತಿ 55 ಸೆಂಟಿಮೀಟರ್ ಉದ್ದ, ಏಳು ಕಿಲೋ ತೂಕ. ಮುಕ್ಕಾಲು ಗಿಟಾರಿನ ಒಟ್ಟು ಉದ್ದ ಸುಮಾರು 86 ಸೆಂಟಿಮೀಟರ್. ತೂಕದಲ್ಲಿ ಗೆದ್ದರೂ ಉದ್ದದಲ್ಲಿ ಸೋಲುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು.

ಹಾಗಾದರೆ ಯಾವುದು?

ಮೊದಲು ಕೇಳಿಕೊಳ್ಳಬೇಕಾದದ್ದು ಯಾವುದನ್ನು ಬಿಟ್ಟುಕೊಡಲು ಸಿದ್ಧ ಎಂಬುದನ್ನು. ಬೆರಳಿನ ಅಭ್ಯಾಸ ತಪ್ಪಬಾರದು, ದನಿ ಹೇಗಿದ್ದರೂ ಸರಿ ಎನ್ನುವವರಿಗೆ ತಂತಿಯುದ್ದ ಉಳಿಸಿಕೊಂಡ ತೆಳು ಒಡಲಿನದು ಆಗಬಹುದು. ಗೆಳೆಯರ ನಡುವೆ ಹಾಡುವವರಿಗೆ 23 ಅಂಗುಲದ ಆಸುಪಾಸಿನ ಮುಕ್ಕಾಲು ಗಿಟಾರ್ ಒಳ್ಳೆಯ ನಡುದಾರಿ. ದಪ್ಪ ಬೆರಳಿನವರು ಕತ್ತಿನ ಅಗಲವನ್ನು ಅಂಗಡಿಯಲ್ಲೇ ಹಿಡಿದು ನೋಡಬೇಕು. ಗಿಡ್ಡ ತಂತಿಯಲ್ಲಿ ಮೆಟ್ಟುಗಳೂ ಒತ್ತೊತ್ತಾಗಿರುತ್ತವೆ. ಹಣವಿದ್ದರೆ ಮೇಲು ಹಲಗೆಗೆ ಖರ್ಚು ಮಾಡಿ, ಅಲಂಕಾರಕ್ಕಲ್ಲ. ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರ, ಬಿಟ್ಟ ತಂತಿಯ ಸ್ವರದ ಸರಿಯಾದ ಮೇಲಿನ ಷಡ್ಜವಾಗಿ ಬರುತ್ತದೆಯೇ ಎಂದು ಆರೂ ತಂತಿಗಳಲ್ಲಿ ಪರೀಕ್ಷಿಸಿ. ಚಿಕ್ಕ ಗಿಟಾರಿನ ದೋಷ ಮೊದಲು ಗೊತ್ತಾಗುವುದು ಅಲ್ಲೇ.

ನಮ್ಮ ಹವೆಯನ್ನೂ ಮರೆಯಬಾರದು. ಮಂಗಳೂರಿನ ಮಳೆಗಾಲದಲ್ಲಿ ಇಡೀ ಮರದ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅದೇ ಹಲಗೆ ಒಣಗಿ ಸೀಳು ಬಿಡಬಹುದು. ಪದರದ ಹಲಗೆ, ಕಾರ್ಬನ್ ನಾರು ಇವನ್ನು ತಾಳಿಕೊಳ್ಳುತ್ತವೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಾತ್ರ ಮರದ ಗಿಟಾರನ್ನು ಬಿಡಬೇಡಿ. ಅಂಟು ಮೆತ್ತಗಾಗಿ ಕುದುರೆ ಕಿತ್ತುಬರುತ್ತದೆ.

ಇಷ್ಟಾಗಿ ಪುಟ್ಟ ಗಿಟಾರಿನ ದನಿ ಎಲ್ಲಿಯವರೆಗೆ ಮುಟ್ಟೀತು? ಇಂಗ್ಲೆಂಡಿನ ಎಡ್ ಶೀರನ್ 2015ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಮೂರು ರಾತ್ರಿ, ದಿನಕ್ಕೆ ಸುಮಾರು 80,000 ಜನರ ಎದುರು, ಒಬ್ಬನೇ ಪುಟ್ಟ ಮಾರ್ಟಿನ್ ಗಿಟಾರ್ ಹಿಡಿದು ಹಾಡಿದ. ಅದೇ ಶೀರನ್ 2025ರ ಫೆಬ್ರುವರಿ 9ರಂದು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದಾಗ ಪೊಲೀಸರು ಬಂದು ಮೈಕಿನ ತಂತಿ ಕಿತ್ತರು. ಅನುಮತಿ ಇತ್ತೆಂದು ಒಂದು ಕಡೆ, ಇರಲಿಲ್ಲವೆಂದು ಇನ್ನೊಂದು ಕಡೆ. ವಾದ ಅಲ್ಲಿಗೇ ನಿಂತಿತು, ಹಾಡೂ ನಿಂತಿತು. ಎಂಬತ್ತು ಸಾವಿರ ಜನರನ್ನು ಮುಟ್ಟಿದ್ದು ವಿದ್ಯುತ್ತಿನ ಬಲ ಎಂಬುದು ಇದರಿಂದ ಗೊತ್ತಾಗುತ್ತದೆ. ವಿದ್ಯುತ್ತಿಲ್ಲದ ಪುಟ್ಟ ಗಿಟಾರಿಗೆ ಇರುವುದು ಎರಡು ಶತಮಾನದ ಹಿಂದಿನ ಪಡಸಾಲೆಯಷ್ಟೇ ಅಳತೆಯ ಸಭೆ: ರೈಲಿನ ಒಂದು ಕಂಪಾರ್ಟ್‌ಮೆಂಟ್, ಚಾರಣದ ಕೊನೆಗೆ ಬೆಂಕಿಯ ಸುತ್ತ ಕುಳಿತ ಹತ್ತು ಮಂದಿ, ಹಾಸ್ಟೆಲಿನ ಒಂದು ಕೋಣೆ. ಅಷ್ಟು ಸಾಕೆನ್ನುವವರು ಮೂಲೆಯ ಬೀರುವಿನ ಮೇಲೆ ದೂಳು ಹಿಡಿಯುವ ಡ್ರೆಡ್‌ನಾಟಿಗಿಂತ ಹೆಗಲ ಮೇಲಿನ ಮುಕ್ಕಾಲು ಗಿಟಾರನ್ನೇ ಆರಿಸಿಕೊಳ್ಳಬಹುದು.